ಗ್ರೀಸಣ್ಣ ಇಳಿಸಿದ ಶಟರ್

ಗ್ರೀಸಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಈಗ ಅವನ ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು. ಉಳಿದಂತೆ ಪೇಟೆಬೀದಿಗೆಲ್ಲ ಅವನು ಗ್ರೀಸಣ್ಣ. ಕೈಯಲ್ಲಿ ಗ್ರೀಸ್ ಡಬ್ಬಿ, ಹೆಗಲಿಗೆ ಸ್ಪ್ಯಾನರುಗಳ ಚೀಲ, ಅಂಗಿಯ ತೋಳಿನ ಮೇಲೆ ಯಾವ ಸೋಪಿಗೂ ಜಗ್ಗದ ಕಪ್ಪು ಕಲೆ. ಅಂಗಡಿಗಳ ಶಟರ್ ರಿಪೇರಿ ಅವನ ಕಸುಬು. ಶಟರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹುಡುಗನಾಗಿದ್ದಾಗ ಸೇರಿಕೊಂಡಿದ್ದ. ಕಾರ್ಖಾನೆ ಬಾಗಿಲು ಹಾಕಿತು, ಇವನು ಬೇರೆಯವರ ಬಾಗಿಲು ನೋಡಿಕೊಳ್ಳಲು ಬೀದಿಗಿಳಿದ.

ಅವನು ಬರುವ ಮೊದಲು ಆ ಬೀದಿಯಲ್ಲಿ ಬೆಳಗಾಗುವುದೆಂದರೆ ಕಿವಿ ಮುಚ್ಚಿಕೊಳ್ಳುವ ಹೊತ್ತು. ಒಂದು ಶಟರ್ ಕಿರುಚುತ್ತಿತ್ತು, ಇನ್ನೊಂದು ನರಳುತ್ತಿತ್ತು, ಬಟ್ಟೆ ಅಂಗಡಿ ಯಜಮಾನರದಂತೂ ಎತ್ತಲು ಮೂರು ಆಳು, ಇಳಿಸಲು ನಾಲ್ಕು ಆಳು ಕೇಳುತ್ತಿತ್ತು. ಗ್ರೀಸಣ್ಣ ಒಂದೊಂದನ್ನೇ ಹಿಡಿದು ಪಳಗಿಸಿದ. ಸ್ಪ್ರಿಂಗ್ ಬಿಗಿ ಮಾಡಿದ, ಸೊಟ್ಟಗಾದ ಪಟ್ಟಿಗಳನ್ನು ತಟ್ಟಿ ನೇರ ಮಾಡಿದ, ಎರಡೂ ಬದಿಯ ಕಂಬಿಗಳಿಗೆ ಗ್ರೀಸ್ ಬಳಿದ. ಕೆಲಸ ಮುಗಿದ ಮೇಲೆ ಅಂಗಡಿಯವರನ್ನು ಹೊರಗೆ ಕರೆದು ನಿಲ್ಲಿಸಿ, ಒಂದೇ ಬೆರಳಿನಲ್ಲಿ ಶಟರ್ ಇಳಿಸಿ ತೋರಿಸುತ್ತಿದ್ದ. ಸದ್ದಿಲ್ಲ, ಗದ್ದಲವಿಲ್ಲ. “ಹೆಂಗೆ?” ಎಂದು ಹುಬ್ಬು ಹಾರಿಸುತ್ತಿದ್ದ. ಆ ಹುಬ್ಬಿನ ಜಂಬವನ್ನು ಸಹಿಸಿಕೊಳ್ಳುವುದೂ ಅವನ ಕೂಲಿಯಲ್ಲೇ ಸೇರಿದೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಆ ಬೀದಿಗೆ ನಡುವೆ ಒಂದು ತಿರುವು. ತಿರುವಿನ ಮೇಲಿನದು ಮೇಲ್ಬೀದಿ: ಬಟ್ಟೆ, ಗಡಿಯಾರ, ಕನ್ನಡಕ, ಗಾಜಿನ ಸಾಮಾನು. ಕೆಳಗಿನದು ಕೆಳಬೀದಿ: ಹಳೇ ಕಬ್ಬಿಣ, ಸೈಕಲ್ ರಿಪೇರಿ, ತಳ್ಳುಗಾಡಿಗಳು. ತಿರುವಿನಲ್ಲೇ, ಎರಡೂ ಕಡೆಯವರ ಕಣ್ಣಿಗೆ ಬೀಳುವಂತೆ, ಒಂದು ಕೊಡೆ ಅಂಗಡಿ. ಅದನ್ನು ನಡೆಸುತ್ತಿದ್ದವಳು ಐವತ್ತು ದಾಟಿದ ಹೆಂಗಸು, ಎಲ್ಲರಿಗೂ ಕೊಡೆ ಅಕ್ಕ. ಮಾತು ಕಡಿಮೆ, ಕಣ್ಣು ಚುರುಕು.

ಹಿಂದೆಲ್ಲ ಮೇಲ್ಬೀದಿ ಕೆಳಬೀದಿ ಎಂಬುದು ವಿಳಾಸ ಹೇಳಲಷ್ಟೇ ಬಳಕೆಯಾಗುತ್ತಿತ್ತು. ಆಮೇಲೆ ಯಾರೋ ಆಫೀಸಿನಲ್ಲಿ ಕೂತು, ಕೆಳಗಿದ್ದ ಬಸ್ ನಿಲ್ದಾಣವನ್ನು ಎತ್ತಿ ಮೇಲಕ್ಕೆ ಹಾಕಿದರು. ಬಸ್ಸಿನ ಜೊತೆ ಗಿರಾಕಿಗಳೂ ಮೇಲಕ್ಕೆ ಹೋದರು. ಕೆಳಬೀದಿಯವರು ನೊಣ ಹೊಡೆಯುತ್ತಾ ಕೂತರು. ಕೆಲಸವಿಲ್ಲದ ಹುಡುಗರು ಗುಂಪುಗುಂಪಾಗಿ ನಿಲ್ಲತೊಡಗಿದ ಮೇಲೆ ತಿರುವಿನಲ್ಲಿ ಪೊಲೀಸರು ಬಂದು ನಿಂತರು. ಸಂಜೆಯಾದರೆ ಕೆಳಬೀದಿ ಹುಡುಗರ ಜೇಬು ತಡಕುವುದೇ ಅವರ ಕೆಲಸ. ಮೇಲ್ಬೀದಿಯವರ ಜೇಬಿಗೆ ಯಾರೂ ಕೈ ಹಾಕಲಿಲ್ಲ. ಒಂದು ಸಂಜೆ ಎದುರು ಮಾತಾಡಿದ ಹುಡುಗನೊಬ್ಬನಿಗೆ ಲಾಠಿ ಏಟು ಬಿತ್ತು. “ಸುಮ್ಸುಮ್ನೆ ಹೊಡೀತಾರಾ?” ಎಂದರು ಮೇಲಿನವರು. ಕೆಳಗಿನವರು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಅಲ್ಲಿಂದ ಬೀದಿಯವರೆಲ್ಲ ಒಂದು ಕಣ್ಣು ಗಿರಾಕಿ ಮೇಲೆ, ಇನ್ನೊಂದು ಕಣ್ಣು ಪಕ್ಕದ ಅಂಗಡಿಯ ಶಟರ್ ಮೇಲೆ ಇಟ್ಟುಕೊಂಡು ವ್ಯಾಪಾರ ಮಾಡುವಂತಾಯಿತು. ಪಕ್ಕದವರು ಇಳಿಸಿದರೆ ನಾವೂ ಇಳಿಸೋಣ ಎಂಬುದು ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ.

ಇಂಥ ವಾರದಲ್ಲೇ ಕೊಡೆ ಅಕ್ಕನ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತು.

ಗ್ರೀಸಣ್ಣ ಬೆಳಗಿನಿಂದ ಏಣಿ ಹತ್ತಿ ಕೂತು ಸ್ಪ್ರಿಂಗ್ ಬದಲಾಯಿಸಿದ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಅಕ್ಕ ಊಟಕ್ಕೆಂದು ಹಿಂದಿನ ಕೋಣೆಗೆ ಹೋಗಿದ್ದಳು. ಮೆಚ್ಚಿಕೊಳ್ಳಲು ಯಾರೂ ಇಲ್ಲದಿದ್ದರೇನು, ತಾನೇ ಮೆಚ್ಚಿಕೊಂಡರಾಯಿತು ಎಂದು ಅವನು ಬೀದಿಗೆ ಬಂದು ನಿಂತು, ಒಂದು ಬೆರಳು ಹಚ್ಚಿ ಶಟರ್ ಇಳಿಸಿದ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಯಾವ ಶಟರೂ ಇಳಿದಿರಲಿಲ್ಲ. ಸುಯ್ಯೆಂದು ಬಂದು ನೆಲ ಮುಟ್ಟಿತು. ಗ್ರೀಸಣ್ಣ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದ.

ಅವನು ಹಿಂತಿರುಗುವಷ್ಟರಲ್ಲಿ ಎದುರಿನ ಗಡಿಯಾರದಂಗಡಿಯ ಶಟರ್ ಇಳಿದಿತ್ತು. ಊಟದ ಹೊತ್ತು, ಸರಿ ಎಂದುಕೊಂಡ. ಅದರ ಪಕ್ಕದ್ದೂ ಇಳಿಯಿತು. ಅದರಾಚೆಯದೂ ಇಳಿಯಿತು. ಎಲ್ಲವೂ ಅವನೇ ಗ್ರೀಸ್ ಹಚ್ಚಿದ ಶಟರುಗಳು, ಯಾವುದೂ ಸಿಕ್ಕಿಕೊಳ್ಳಲಿಲ್ಲ, ಯಾವುದೂ ಸದ್ದು ಮಾಡಲಿಲ್ಲ. ಅದೇ ಗಳಿಗೆಗೆ ಕೆಳಬೀದಿಯಿಂದ ಟೀ ಗಾಡಿಯವನ ಸೀಟಿ ಕೇಳಿಸಿತು. ಅವನು ದಿನಾ ಮಧ್ಯಾಹ್ನ ಟೀ ಬಂತು ಎಂದು ಸೀಟಿ ಹೊಡೆಯುವವನು, ಅದಕ್ಕೇ ಅವನ ಹೆಸರು ಸೀಟಿ. ಆವತ್ತು ಮಾತ್ರ ಆ ಸೀಟಿ ಜನರ ಕಿವಿಗೆ ಬೇರೆಯಾಗಿ ಕೇಳಿಸಿತು. ಜನ ಕಾಲಿಗೆ ಬುದ್ಧಿ ಹೇಳಿದರು. ಕೆಳಕ್ಕೆ ಓಡಿ ಬರುವವರನ್ನು ನೋಡಿ ಕೆಳಗಿನವರು ಮೇಲೆ ಏನೋ ಆಗಿದೆ ಎಂದುಕೊಂಡರು, ಮೇಲಕ್ಕೆ ಓಡಿ ಬರುವವರನ್ನು ನೋಡಿ ಮೇಲಿನವರು ಕೆಳಗೆ ಏನೋ ಆಗಿದೆ ಎಂದುಕೊಂಡರು. ಪೊಲೀಸರು ಶಟರ್ ನೋಡಿ ಲಾಠಿ ಎತ್ತಿದರು. ಹುಡುಗರು ಲಾಠಿ ನೋಡಿ ಕಲ್ಲು ಎತ್ತಿದರು.

ಸಂಜೆಯ ಹೊತ್ತಿಗೆ ಒಂದು ಬಸ್ಸು ಸುಟ್ಟಿತ್ತು, ಮೇಲ್ಬೀದಿಯ ಗಾಜುಗಳು ಪುಡಿಯಾಗಿದ್ದವು, ಸೀಟಿಯ ಟೀ ಗಾಡಿ ಮಗುಚಿ ಬಿದ್ದಿತ್ತು. ಹಲವರ ತಲೆಗೆ ಹೊಲಿಗೆ ಬಿತ್ತು. ಯಾರ ಪ್ರಾಣವೂ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ಅಷ್ಟು ಹೊತ್ತೂ ಗ್ರೀಸಣ್ಣ ಕೊಡೆ ಅಂಗಡಿಯ ಹಿಂಬಾಗಿಲಿನಿಂದ ಒಳಗೆ ನುಗ್ಗಿ, ಮೇಜಿನಡಿ ಮುದುರಿ ಕೂತಿದ್ದ. ಪಕ್ಕದಲ್ಲಿ ಕೊಡೆ ಅಕ್ಕ. ಅಭಯ ಸಿಕ್ಕೀತು ಎಂಬಂತೆ ಇಬ್ಬರೂ ಒಂದೊಂದು ಕೊಡೆ ಹಿಡಿದುಕೊಂಡಿದ್ದರು. ಅವಳು ಅವನನ್ನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ.

ಮಾರನೆಯ ದಿನ ಪೊಲೀಸರಿಗೆ ಒಬ್ಬ ‘ಶುರು ಮಾಡಿದವನು’ ಬೇಕಾದ. ಮೇಲ್ಬೀದಿಯವರನ್ನು ಕೇಳಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮೊದಲು ಸೀಟಿ ಕೇಳಿಸಿತು, ಆಮೇಲೆ ಗಲಭೆ. ಸೀಟಿಯನ್ನು ಎತ್ತಿಕೊಂಡು ಹೋಗಿ ಠಾಣೆಯಲ್ಲಿ ಕೂರಿಸಿದರು. ಸೀಟಿ ಹೊಡೆದದ್ದು ಗುಂಪಿಗೆ ಕೊಟ್ಟ ಸೂಚನೆ ಎಂದು ಬರೆದುಕೊಂಡರು.

ಸುದ್ದಿ ಗ್ರೀಸಣ್ಣನಿಗೂ ಮುಟ್ಟಿತು. ಯಾವುದು ಮೊದಲು ಎಂದು ಅವನಿಗೆ ಗೊತ್ತಿತ್ತು. ಹೇಳಿದರೆ ಆ ಬೀದಿ ಅವನನ್ನು ಇಟ್ಟುಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ ಬೇರೆ ಯಾವ ಬೀದಿ, ಬೇರೆ ಯಾವ ಶಟರ್? ಹೇಳದಿದ್ದರೆ ಸೀಟಿ ಒಳಗೆ. ಅವನು ಬಾಯಿಗೆ ಬೀಗ ಹಾಕಿಕೊಂಡು ಮನೆಯಲ್ಲಿ ಕೂತ.

ಮನೆಯಲ್ಲಿ ಕೂತರೆ ನೆಮ್ಮದಿ ಎಂದುಕೊಂಡಿದ್ದರೆ ಅದೂ ಇಲ್ಲ. ಅವನ ಹೆಂಡತಿಯ ತಂಗಿಯ ಮಗಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಯಾವುದರ ಮೇಲೆ? ನಗರಗಳಲ್ಲಿ ಗಲಭೆ ಯಾಕಾಗುತ್ತದೆ ಎಂಬುದರ ಮೇಲೆ. ಜಗತ್ತಿನಲ್ಲಿ ಎಷ್ಟೊಂದು ವಿಷಯಗಳಿವೆ, ಚಿಟ್ಟೆಗಳಿವೆ, ನಕ್ಷತ್ರಗಳಿವೆ, ಈ ಹುಡುಗಿಗೆ ಸಿಕ್ಕಿದ್ದು ಇದು. ಗಲಭೆಯ ಸುದ್ದಿ ಕೇಳಿದ್ದೇ ತಡ, ಬ್ಯಾಗು ಹಿಡಿದು ಬಂದು ಇವರ ಮುಂದಿನ ಕೋಣೆಯಲ್ಲಿ ಬಿಡಾರ ಹೂಡಿದಳು. “ದೊಡ್ಡಪ್ಪ ಇರೋ ಬೀದೀಲೇ ಆಗಿದೆಯಲ್ಲಾ, ನನ್ನ ಅದೃಷ್ಟ ನೋಡು ದೊಡ್ಡಮ್ಮ,” ಎಂದಳು. ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು. ಪುಟ್ಟಿ ಹಗಲೆಲ್ಲ ಬೀದಿಯಲ್ಲಿ ಸುತ್ತಿ ಜನರ ಮಾತು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದಳು, ಸಂಜೆ ಊಟಕ್ಕೆ ಕೂತಾಗ ಅದನ್ನೆಲ್ಲ ದೊಡ್ಡಪ್ಪನ ತಟ್ಟೆಯ ಮುಂದೆ ಸುರಿಯುತ್ತಿದ್ದಳು.

“ಹಿಂದಿನವರು ಏನು ಹೇಳ್ತಿದ್ರು ಗೊತ್ತಾ ದೊಡ್ಡಪ್ಪ? ಗುಂಪು ಸೇರಿದ್ರೆ ಮನುಷ್ಯನಿಗೆ ಹುಚ್ಚು ಹಿಡಿಯುತ್ತೆ, ತಾನೇನು ಮಾಡ್ತಿದೀನಿ ಅನ್ನೋ ಖಬರೇ ಇರಲ್ಲ ಅಂತ.”

ಗ್ರೀಸಣ್ಣನ ಮುಖ ಅರಳಿತು. “ಕರೆಕ್ಟಾಗಿ ಹೇಳಿದಾರೆ. ಹುಚ್ಚು ಅಂದ್ಮೇಲೆ ಯಾರ ತಪ್ಪೂ ಅಲ್ಲ.”

“ಈಗ ಅದನ್ನ ಯಾರೂ ಒಪ್ಪಲ್ಲ. ನೋಡು, ಬಸ್ ಸುಟ್ಟೋರು ಪಕ್ಕದಲ್ಲೇ ಇದ್ದ ಶಾಲೆ ಮುಟ್ಟಿಲ್ಲ, ಆಸ್ಪತ್ರೆ ಮುಟ್ಟಿಲ್ಲ. ಹುಚ್ಚರು ಹಾಗೆ ಆರಿಸಿ ಆರಿಸಿ ಹೊಡೀತಾರಾ?”

ಅವನ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು.

ಮರುದಿನ ಇನ್ನೊಂದು ಕಾರಣ ಬಂತು. ತೀರಾ ಬಡವರು ದಂಗೆ ಏಳುವುದಿಲ್ಲವಂತೆ. ನಿನ್ನೆವರೆಗೆ ಇದ್ದದ್ದು ಇವತ್ತು ಕೈತಪ್ಪಿ, ಅದು ಪಕ್ಕದವನ ಕೈಗೆ ಹೋದದ್ದನ್ನು ದಿನಾ ಕಣ್ಣಾರೆ ನೋಡುವವರ ಹೊಟ್ಟೆ ಉರಿಯುತ್ತದಂತೆ. “ನಿಮ್ಮ ಬಸ್ ನಿಲ್ದಾಣ ಇದೆಯಲ್ಲಾ, ಅದೇ,” ಎಂದಳು ಪುಟ್ಟಿ. ಗ್ರೀಸಣ್ಣ ಅವತ್ತು ಎರಡು ಸಲ ಬಡಿಸಿಕೊಂಡು ಉಂಡ. ನಿಲ್ದಾಣ ಎತ್ತಿಸಿದವನನ್ನು ಮನಸಾರೆ ಬೈದ. ಅದರ ಮರುದಿನ ಪೊಲೀಸರ ಸರದಿ. ದಿನಾ ಜೇಬು ತಡಕಿಸಿಕೊಳ್ಳುವವನಿಗೆ, ನನ್ನ ದೂರು ಕೇಳುವವರು ಯಾರೂ ಇಲ್ಲ ಎನಿಸಿದಾಗ ಕಲ್ಲೇ ಅರ್ಜಿಯಾಗುತ್ತದೆ ಎಂದಳು. ಅವತ್ತೂ ಊಟ ಸಲೀಸಾಗಿ ಇಳಿಯಿತು.

ನಾಲ್ಕನೆಯ ಸಂಜೆ ಅವಳು ನೀರು ಕುಡಿದು ಲೋಟ ಕೆಳಗಿಟ್ಟು, “ಇದೆಲ್ಲ ಇದ್ರೂನೂ, ಯಾವತ್ತೋ ಒಂದು ದಿನ ಯಾವುದೋ ಒಂದು ಸಣ್ಣ ವಿಷಯದಿಂದಲೇ ಎಲ್ಲ ಶುರುವಾಗೋದು. ಅದು ಏನು ಅಂತ ಹುಡುಕ್ತಿದೀನಿ,” ಎಂದಳು.

ಗ್ರೀಸಣ್ಣನಿಗೆ ನೆತ್ತಿಗೆ ಹತ್ತಿತು. ಹೆಂಡತಿ ತಲೆ ತಟ್ಟಿದಳು. “ನಿಧಾನ ಉಣ್ಣಿ. ಯಾರೂ ಕಿತ್ಕೊಂಡು ಹೋಗಲ್ಲ.”

“ಎಲ್ಲರೂ ಸೀಟಿ ಅಂತಾರೆ,” ಪುಟ್ಟಿ ಮುಂದುವರಿಸಿದಳು. “ನಂಗೆ ಯಾಕೋ ಅದು ಸರಿ ಕಾಣಲ್ಲ. ದಿನಾ ಕೇಳೋ ಸೀಟಿಗೆ ಆವತ್ತೇ ಯಾಕೆ ಹೆದರಿದ್ರು? ಅದಕ್ಕೂ ಮೊದಲು ಏನೋ ಕಣ್ಣಿಗೆ ಬಿದ್ದಿರಬೇಕು.”

ಬೀದಿಯಲ್ಲಾದರೂ ಹೋಗಿ ತಲೆ ಮರೆಸಿಕೊಳ್ಳೋಣವೆಂದರೆ ಬೀದಿ ಬೀದಿಯಾಗಿರಲಿಲ್ಲ. ಗಲಭೆ ನಿಂತು ದಿನಗಳಾಗಿದ್ದರೂ ಅಂಗಡಿಗಳು ತೆರೆದಿರಲಿಲ್ಲ. ಎಲ್ಲರೂ ಬೆಳಿಗ್ಗೆ ಬಂದು, ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ, ಕೆಳಗಿನಿಂದ ನುಸುಳಿ ಒಳಗೆ ಕೂರುತ್ತಿದ್ದರು. ಪಕ್ಕದವನು ಪೂರ್ತಿ ತೆರೆದರೆ ನಾನೂ ತೆರೆಯುತ್ತೇನೆ ಎಂದು ಪ್ರತಿಯೊಬ್ಬರೂ ಕಾಯುತ್ತಿದ್ದರು. ವರ್ತಕರ ಸಂಘದ ಅಧ್ಯಕ್ಷರೂ ಆಗಿದ್ದ ಬಟ್ಟೆ ಅಂಗಡಿ ಯಜಮಾನರು, ಧೈರ್ಯವಾಗಿ ಅಂಗಡಿ ತೆರೆಯಿರಿ ಎಂದು ಎಲ್ಲರಿಗೂ ಕರೆ ಕೊಟ್ಟರು. ಕರೆ ಕೊಟ್ಟದ್ದು ಮೊಣಕಾಲೆತ್ತರದ ತಮ್ಮ ಶಟರಿನ ಸಂದಿಯಿಂದ.

ಅಲ್ಲೇ ಒಂದು ಬೆಳಿಗ್ಗೆ ಸೀಟಿಯ ಹೆಂಡತಿ ಗ್ರೀಸಣ್ಣನನ್ನು ಹುಡುಕಿಕೊಂಡು ಬಂದಳು. ಮಗುಚಿದ ಗಾಡಿಯ ಚಕ್ರ ಸೊಟ್ಟಗಾಗಿತ್ತು, ನೆಟ್ಟಗೆ ಮಾಡಿಕೊಡಬೇಕಿತ್ತು. ಅವನು ಸುತ್ತಿಗೆ ತೆಗೆದುಕೊಂಡು ಕೂತ. ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಾತಾಡಿದಳು.

“ಸೀಟಿ ಹೊಡೆದದ್ದು ತಪ್ಪಂತೆ ಅಣ್ಣ. ನಮ್ಮೋರು ಹೆಣ್ಣು ನೋಡೋಕೆ ಬಂದಾಗ್ಲೂ ಸೀಟಿ ಹೊಡ್ಕೊಂಡೇ ಬಂದಿದ್ರು. ನಮ್ಮಪ್ಪ ಆವತ್ತೇ ಬೇಡ ಅಂದಿದ್ರು.” ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿನ್ನೆ ನೋಡೋಕೆ ಹೋಗಿದ್ದೆ. ಅಲ್ಲಿ ಸೀಟಿನೂ ಹೊಡೀತಿಲ್ಲ ಅವ್ರು. ಸುಮ್ನೆ ಕೂತಿದ್ದಾರೆ.”

ಗ್ರೀಸಣ್ಣನ ಸುತ್ತಿಗೆ ಚಕ್ರದ ಮೇಲೆ ಬೀಳುವ ಬದಲು ಹೆಬ್ಬೆರಳ ಮೇಲೆ ಬಿತ್ತು. ಚಕ್ರ ಸರಿ ಮಾಡಿಕೊಟ್ಟು, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ನೇರವಾಗಿ ಮನೆಗೆ ಬಂದ. ಹೆಂಡತಿ ಬಟ್ಟೆ ಮಡಚುತ್ತಿದ್ದಳು, ಪುಟ್ಟಿ ಕಿವಿಗೆ ವೈರು ಸಿಕ್ಕಿಸಿಕೊಂಡು ರೆಕಾರ್ಡ್ ಕೇಳುತ್ತಿದ್ದಳು. ಅವನು ಹೊಸಿಲಲ್ಲೇ ನಿಂತ.

“ಪುಟ್ಟಿ, ಅದನ್ನ ಕಿತ್ತು ಪಕ್ಕಕ್ಕಿಡು. ನೀನು ಹುಡುಕ್ತಿರೋ ಸಣ್ಣ ವಿಷಯ ನಾನೇ.”

ಕೊಡೆ ಅಂಗಡಿ, ಹೊಸ ಸ್ಪ್ರಿಂಗ್, ಒಂದು ಬೆರಳು, ಎಲ್ಲವನ್ನೂ ಹೇಳಿದ. ಹೆಂಡತಿ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

“ಅಂದ್ರೆ ಇಷ್ಟಕ್ಕೆಲ್ಲ ಕಾರಣ ನಾನೊಬ್ಬನೇ,” ಎಂದ ಗ್ರೀಸಣ್ಣ.

“ಅಲ್ಲ ದೊಡ್ಡಪ್ಪ. ಬಟ್ಟೆ ಅಂಗಡಿಯವರು ಮಗಳ ಮದುವೆಗೆ ಅಂತ ಹಿಂದೆ ಒಂದಿನ ನಟ್ಟ ನಡು ಮಧ್ಯಾಹ್ನ ಬಾಗಿಲು ಹಾಕಿದ್ರಂತಲ್ಲ, ಆವತ್ತು ಯಾರಾದ್ರೂ ಓಡಿದ್ರಾ?”

“ಯಾಕೆ ಓಡ್ತಾರೆ? ಎಲ್ಲರೂ ಊಟಕ್ಕೆ ಹೋದ್ವಿ.”

“ನೋಡು. ಶಟರ್ ಅದೇ, ಬೀದಿ ಅದೇ. ಆವತ್ತು ಜನರ ಎದೇಲಿ ಭಯ ಇರ್ಲಿಲ್ಲ, ಈ ಸಲ ತುಂಬಿ ತುಳುಕ್ತಿತ್ತು. ನೀನು ಇಳಿಸದಿದ್ರೆ ಇನ್ನೊಂದಿನ ಯಾರದ್ದೋ ಸೈಕಲ್ ಟೈರು ಢಂ ಅಂದಿದ್ರೂ ಇದೇ ಆಗ್ತಿತ್ತು. ಇನ್ನೊಂದು ಕೇಳು. ಒಬ್ಬೊಬ್ಬರ ಧೈರ್ಯ ಒಂದೊಂದು ಥರ. ಒಬ್ಬ ಯಾರೂ ಇಲ್ದಿದ್ರೂ ಕಲ್ಲು ಎತ್ತುತಾನೆ. ಇನ್ನೊಬ್ಬ ಮುಂದೆ ಒಬ್ಬ ಇದ್ರೆ ಎತ್ತುತಾನೆ, ಮತ್ತೊಬ್ಬ ಹತ್ತು ಜನ ಇದ್ರೆ. ಎರಡನೆಯವನು ಬರದಿದ್ರೆ ಮೊದಲನೆಯವನು ಏನು? ಬೀದೀಲಿ ಒಬ್ಬನೇ ಕೈ ಬೀಸ್ತಿರೋ ಪೆದ್ದ. ಶಟರ್ ಕಥೆಯೂ ಅಷ್ಟೇ. ಎಲ್ಲರೂ ಪಕ್ಕದವರನ್ನ ನೋಡಿ ಎಳೆದ್ರು. ನಿನ್ನಿಂದ ಶುರುವಾಯ್ತು ಅನ್ನೋದು ನಿಜ, ನಿನ್ನಿಂದ ಆಯ್ತು ಅನ್ನೋದು ನಿಜ ಅಲ್ಲ.”

ಗ್ರೀಸಣ್ಣನ ಎದೆ ಹಗುರಾಯಿತು. ಹಗುರಾದ ಮರುಗಳಿಗೆಗೆ ಅಲ್ಲಿ ಬೇರೆಯದೇ ಒಂದು ಚುಚ್ಚಿತು. “ಹಾಗಾದ್ರೆ ನೀನು ಬರೆಯೋದ್ರಲ್ಲಿ ನಾನು ಎಷ್ಟು ಬರ್ತೀನಿ?”

“ಒಂದು ಸಾಲು. ಹೆಸರಿಲ್ಲದೆ.”

“ಒಂದೇನಾ?” ಅವನ ಮುಖ ಸಣ್ಣಗಾಯಿತು. ಇಷ್ಟು ದಿನ ಊರಿಗೇ ಗಂಡಾಂತರ ತಂದವನೆಂದು ನಿದ್ದೆಗೆಟ್ಟಿದ್ದ ಮನುಷ್ಯ, ಬರೀ ಒಂದು ಸಾಲು ಎಂದಾಗ ಕೊಂಚ ನೊಂದುಕೊಂಡ.

“ನಿಮ್ಮ ಸಾಲು ಆಮೇಲೆ ಎಣಿಸಿಕೊಳ್ಳಿ,” ಎಂದಳು ಹೆಂಡತಿ. “ಆ ಸೀಟಿ ಯಾರ ಬದಲಿಗೆ ಒಳಗೆ ಕೂತಿದ್ದಾನೆ ಅನ್ನೋದು ಮೊದಲು ನೋಡಿ. ಊಟ ಮಾಡಿ, ಹೋಗಿ ಹೇಳಿ ಬನ್ನಿ.”

“ಬೀದಿಯವರು ನನ್ನ ಮತ್ತೆ ಒಳಗೆ ಬಿಡಲ್ಲ ಕಣೇ.”

“ಬಿಡದಿದ್ರೆ ಮನೇಲಿರಿ. ನಮ್ಮನೆ ಬೀರು ಬಾಗಿಲು ಹನ್ನೆರಡು ವರ್ಷದಿಂದ ಕಿರುಗುಟ್ತಾ ಇದೆ.” ಹೇಳಿದಳು, ಆದರೆ ಅವಳು ದಿನಸಿ ಡಬ್ಬಗಳ ಕಡೆ ನೋಡಿದ್ದು ಅವನ ಕಣ್ಣಿಗೆ ಬಿತ್ತು. ಬಾಡಿಗೆ, ದಿನಸಿ, ಎಲ್ಲವೂ ಆ ಬೀದಿಯಿಂದಲೇ ಬರುತ್ತಿತ್ತು. ಅಷ್ಟು ಗೊತ್ತಿದ್ದೂ ಹೋಗಿ ಹೇಳಿ ಎಂದಳಲ್ಲ ಎಂದು ಅವನಿಗೆ ಅವಳ ಮೇಲೆ ತುಂಬ ಪ್ರೀತಿ ಬಂತು.

ಅವನು ಗ್ರೀಸ್ ಡಬ್ಬಿ ಹಿಡಿದುಕೊಂಡೇ ಹೋದ. ಬರಿಗೈಯಲ್ಲಿ ಆ ಬೀದಿಯಲ್ಲಿ ನಡೆದು ಅವನಿಗೆ ಅಭ್ಯಾಸವಿರಲಿಲ್ಲ. ಪುಟ್ಟಿ ಹಿಂದೆ ಬಂದಳು. ತಿರುವಿನಲ್ಲಿ ನಿಂತು, ಸ್ಪ್ಯಾನರಿನಿಂದ ದೀಪದ ಕಂಬಕ್ಕೆ ಬಡಿದ. ಮೊಣಕಾಲೆತ್ತರದ ಸಂದಿಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು, ಮೇಲ್ಬೀದಿಯಲ್ಲೂ ಕೆಳಬೀದಿಯಲ್ಲೂ.

“ಒಂದು ಮಾತು ಹೇಳ್ಬೇಕು,” ಎಂದ. “ಆವತ್ತು ಮೊದಲು ಆಗಿದ್ದು ಸೀಟಿ ಅಲ್ಲ. ಮೊದಲು ಇಳಿದದ್ದು ಕೊಡೆ ಅಕ್ಕನ ಶಟರ್. ಇಳಿಸಿದೋನು ನಾನು. ಏನೂ ಆಗಿರ್ಲಿಲ್ಲ, ಸುಮ್ನೆ ಟೆಸ್ಟ್ ಮಾಡ್ದೆ. ಅದನ್ನ ನೋಡಿ ನೀವೆಲ್ಲ ಇಳಿಸಿದ್ರಿ. ಸೀಟಿ ಟೀ ತಂದ ಅಷ್ಟೇ.”

ಬಟ್ಟೆ ಅಂಗಡಿ ಯಜಮಾನರು ಸಂದಿಯಲ್ಲೇ ಮಾತಾಡಿದರು. “ನಿನ್ನ ಶಟರ್ ಸದ್ದೇ ಮಾಡಲ್ಲ. ನಮಗೆ ಹೇಗೆ ಗೊತ್ತಾಗುತ್ತೆ?”

ಅದು ಹೊಗಳಿಕೆಯೋ ಬೈಗುಳವೋ ಗ್ರೀಸಣ್ಣನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದೆ ಕೊಡೆ ಅಕ್ಕನ ಶಟರ್ ಪೂರ್ತಿ ಮೇಲೆದ್ದಿತು. ಅವಳು ಹೊರಗೆ ಬಂದು ಅವನ ಪಕ್ಕ ನಿಂತಳು.

“ಅವನು ಹೇಳ್ತಿರೋದು ನಿಜ. ಊಟ ಮಾಡ್ತಾ ಒಳಗಿನಿಂದ ನೋಡ್ತಿದ್ದೆ. ಪೊಲೀಸರು ಕೇಳಿದಾಗ ಹೇಳಬೇಕಿತ್ತು, ಇವನಿಗೆ ಏನಾದ್ರೂ ಮಾಡ್ತಾರೆ ಅಂತ ಸುಮ್ಮನಿದ್ದೆ. ತಪ್ಪು ನಂದೂ ಇದೆ.”

ಎದುರಿನ ಗಡಿಯಾರದಂಗಡಿಯವನಿಗೆ ಅಷ್ಟು ಹೊತ್ತಿಗೆ ಒಳಗೆ ಕೂರಲಾಗಲಿಲ್ಲ. ಶಟರ್ ಎತ್ತಿ ಬಂದ. “ನಾನು ನೋಡಿದೆ ಗ್ರೀಸಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದದ್ದನ್ನ. ಯಾಕೋ ಇಳಿಸಿದೆ ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಕೇಳದೆ ಎಳೆದೆ. ಗಲಭೆ ನನ್ನಿಂದ ಆಯ್ತು ಅಂತ ಆವತ್ತಿಂದ ನಿದ್ದೆ ಇಲ್ಲ.”

“ನಿನ್ನಿಂದ ಹೇಗೆ ಆಗುತ್ತೆ? ಬಂದ್ರು ಬಂದ್ರು ಅಂತ ಮೊದಲು ಕೂಗಿದೋನು ನಾನು,” ಎಂದು ಕೆಳಬೀದಿಯ ಸೈಕಲ್ ರಿಪೇರಿಯವನು ಬಂದ. “ಯಾರು ಬಂದ್ರು ಅಂತ ನಂಗೇ ಗೊತ್ತಿರ್ಲಿಲ್ಲ.”

ಆಮೇಲೆ ತಡೆಯುವವರಿರಲಿಲ್ಲ. ಇಷ್ಟು ದಿನ ಎಲ್ಲರೂ ಭಯಕ್ಕೆ ಅರ್ಧ ಬಾಗಿಲು ಹಾಕಿಕೊಂಡಿದ್ದಾರೆ ಎಂದು ಗ್ರೀಸಣ್ಣ ತಿಳಿದಿದ್ದ. ಈಗ ನೋಡಿದರೆ ಒಬ್ಬೊಬ್ಬರೂ ಒಳಗೆ ತಮ್ಮದೇ ಒಂದು ಗುಟ್ಟು ಇಟ್ಟುಕೊಂಡು ಕೂತಿದ್ದರು. ಕನ್ನಡಕದಂಗಡಿಯವಳು ಓಡುತ್ತಾ ಅತ್ತದ್ದನ್ನು ನೋಡಿ ಜನ ಹೆದರಿದರಂತೆ. ಹಳೇ ಕಬ್ಬಿಣದವನು ತನ್ನ ರಾಶಿಯಿಂದ ಹುಡುಗರು ಸಲಾಕೆ ಎತ್ತಿಕೊಂಡಾಗ ಮುಖ ತಿರುಗಿಸಿದನಂತೆ. ಗುಟ್ಟು ಹೇಳಬೇಕಾದರೆ ಹೊರಗೆ ಬರಬೇಕು, ಹೊರಗೆ ಬರಬೇಕಾದರೆ ಶಟರ್ ಎತ್ತಬೇಕು. ತಾನೇ ಮೊದಲು, ತಾನೇ ಮೊದಲು ಎಂದು ಜಗಳವೇ ಹತ್ತಿತು. ಗ್ರೀಸಣ್ಣ ತನ್ನ ಮೊದಲ ಸ್ಥಾನ ಬಿಟ್ಟುಕೊಡಲು ಸುತರಾಂ ಒಪ್ಪಲಿಲ್ಲ.

ಕೊನೆಗೆ ಉಳಿದದ್ದು ಯಜಮಾನರ ಶಟರ್ ಒಂದೇ. ಅದೂ ಮೆಲ್ಲಗೆ ಎದ್ದಿತು. ಅವರು ಬಂದು ನಿಂತರು, ಯಾರ ಮುಖವನ್ನೂ ನೋಡಲಿಲ್ಲ. “ಕೆಳಬೀದಿಯವರು ನುಗ್ಗಿದ್ರು ಅಂತ ಠಾಣೆಗೆ ಫೋನ್ ಮಾಡಿದೋನು ನಾನು. ಒಬ್ಬನನ್ನೂ ಕಣ್ಣಲ್ಲಿ ಕಂಡಿರ್ಲಿಲ್ಲ. ಸೀಟಿ ಹೆಸರು ಕೊಟ್ಟೋನೂ ನಾನೇ.”

ಇದಕ್ಕೆ ಯಾರೂ ನಗಲಿಲ್ಲ. ಸೈಕಲ್ ರಿಪೇರಿಯವನು ಯಜಮಾನರ ಕಡೆ ಒಂದು ಹೆಜ್ಜೆ ಇಟ್ಟ. ಪುಟ್ಟಿ ನಡುವೆ ಬಂದಳು. “ಯಾರು ಮೊದಲು ಅಂತ ಹೊಡೆದಾಡೋದು ಆಮೇಲೆ ಇದ್ದೇ ಇದೆ. ಇಷ್ಟು ಸಣ್ಣದಕ್ಕೆ ಇಡೀ ಬೀದಿ ಯಾಕೆ ಹೆದರಿತು ಅಂತ ಕೇಳೋರು ಇಲ್ವಾ?”

ಸೈಕಲ್ ರಿಪೇರಿಯವನು ಯಜಮಾನರನ್ನೇ ನೋಡುತ್ತಾ ಹೇಳಿದ: “ಬಸ್ಸು ಎತ್ಕೊಂಡು ಹೋದ್ರಿ. ನಮ್ಮ ಹುಡುಗನಿಗೆ ಹೊಡೆದಾಗ ಒಬ್ಬರೂ ಬಂದು ಕೇಳ್ಲಿಲ್ಲ. ಅದಕ್ಕೇ.”

“ಬಸ್ಸು ನಾನು ಎತ್ತಿಸಿಲ್ಲ,” ಎಂದರು ಯಜಮಾನರು. ಸ್ವಲ್ಪ ತಡೆದು, “ಆದ್ರೆ ಬಂದಾಗ ಬೇಡ ಅಂತಲೂ ಹೇಳ್ಲಿಲ್ಲ,” ಎಂದರು. “ನಡೀರಿ, ಮೊದಲು ಸೀಟಿನ ಕರ್ಕೊಂಡು ಬರೋಣ.”

ಠಾಣೆಯ ಇನ್ಸ್‌ಪೆಕ್ಟರ್ ಕಿಟಕಿಯಿಂದ ಇಡೀ ಬೀದಿ ನಡೆದು ಬರುವುದನ್ನು ನೋಡಿ ಟೋಪಿ ಹುಡುಕಿದರು. ಬಂದವರು ಕಲ್ಲು ತಂದಿರಲಿಲ್ಲ, ತಪ್ಪೊಪ್ಪಿಗೆ ತಂದಿದ್ದರು, ಅದೂ ಒಬ್ಬೊಬ್ಬರದು ಒಂದೊಂದು. ಇನ್ಸ್‌ಪೆಕ್ಟರ್ ಒಬ್ಬರದು ಕೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನು ಸುಳ್ಳು ಮಾಡಿ ತಮ್ಮದು ಶುರು ಮಾಡುತ್ತಿದ್ದರು. “ಇವ್ರು ಸೀಟಿ ಹೆಸರು ಕೊಟ್ಟದ್ದು ತಪ್ಪು ಅಂತಾರೆ, ನೀವು ಶಟರ್ ಅಂತೀರಿ, ಅವರು ಕೂಗು ಅಂತಾರೆ. ಶುರು ಆಗಿದ್ದು ಎಲ್ಲಿಂದ ಅಂತ ಬರ್ಕೊಳ್ಲಿ ನಾನು?” ಎಂದು ಪೆನ್ನು ಕೆಳಗಿಟ್ಟರು.

“ಬಸ್ ನಿಲ್ದಾಣದಿಂದ ಬರ್ಕೊಳ್ಳಿ ಸರ್,” ಎಂದಳು ಪುಟ್ಟಿ. “ಆಮೇಲೆ ತಿರುವಲ್ಲಿ ಜೇಬು ತಡಕೋದು.”

ಇನ್ಸ್‌ಪೆಕ್ಟರ್ ಅವಳನ್ನು ದುರುಗುಟ್ಟಿ ನೋಡಿದರು. ಬರೆದುಕೊಳ್ಳಲಿಲ್ಲ. ಆದರೆ ದೂರು ಕೊಟ್ಟವರೇ ವಾಪಸ್ಸು ತೆಗೆದುಕೊಂಡ ಮೇಲೆ, ಟೀ ಬಂತು ಎಂದು ಸೀಟಿ ಹೊಡೆದವನನ್ನು ಇಟ್ಟುಕೊಂಡು ಅವರು ಏನು ಮಾಡಿಯಾರು? ಮರುದಿನ ಬೆಳಿಗ್ಗೆ ಸೀಟಿಯನ್ನು ಬಿಟ್ಟರು. ಬಸ್ ನಿಲ್ದಾಣದ ಮಾತು ಇನ್ನೂ ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದೆ. ಈಗ ಅದರ ಹಿಂದೆ ಎರಡೂ ಬೀದಿಯವರು ಒಟ್ಟಿಗೆ ಅಲೆಯುತ್ತಿದ್ದಾರೆ.

ಗ್ರೀಸಣ್ಣನನ್ನು ಬೀದಿಯಿಂದ ಹೊರಗೆ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ. ಹಾಕಿದರೆ ಎಲ್ಲರನ್ನೂ ಹಾಕಬೇಕಿತ್ತು. ಸೀಟಿಯನ್ನು ಬಿಟ್ಟ ದಿನವೇ ಮಧ್ಯಾಹ್ನ ಅವನು ಕೊಡೆ ಅಂಗಡಿಯ ಮುಂದೆ ಏಣಿಯ ಮೇಲಿದ್ದ. ಬೀದಿ ತೆರೆದಿತ್ತು, ಗಿರಾಕಿಗಳು ಬರತೊಡಗಿದ್ದರು, ಮುರಿದ ಗಾಜಿನ ಜಾಗಕ್ಕೆ ರಟ್ಟು ಅಂಟಿಸಿ ವ್ಯಾಪಾರ ನಡೆದಿತ್ತು. ಆಗ ಕೆಳಬೀದಿಯಿಂದ ಸೀಟಿ ಕೇಳಿಸಿತು.

ಗಡಿಯಾರದಂಗಡಿಯವನ ಕೈ ತಾನಾಗಿಯೇ ಶಟರ್ ಎಳೆಯುವ ಕೊಕ್ಕೆಯ ಕೋಲಿಗೆ ಹೋಯಿತು. ಪಕ್ಕದವನು ಅವನ ಕೈಯನ್ನು ನೋಡಿದ, ಅದರ ಪಕ್ಕದವನು ಇವನನ್ನು ನೋಡಿದ.

ಕೊಡೆ ಅಕ್ಕ ಬೀದಿಗೆ ಬಂದು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು. ಅವಳ ಗಂಟಲು ಅಷ್ಟು ದೊಡ್ಡದಿದೆ ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. “ಯಾಕೋ ಸೀಟಿ?”

“ಟೀ ಅಕ್ಕಾ, ಟೀ,” ಎಂದು ಕೆಳಗಿನಿಂದ ಉತ್ತರ ಬಂತು. “ಇನ್ಯಾಕೆ?”

ಕೊಕ್ಕೆಯ ಕೋಲುಗಳು ಗೋಡೆಗೆ ಒರಗಿದವು. ಯಜಮಾನರು ಎರಡೂ ಬೀದಿಗೆ ಕೇಳುವಂತೆ ತಮ್ಮ ಲೆಕ್ಕದಲ್ಲಿ ಟೀ ಹೇಳಿದರು.

ಆವತ್ತಿನಿಂದ ಆ ಬೀದಿಯಲ್ಲಿ ಒಂದು ರೂಢಿ ಬಿದ್ದಿದೆ. ಹಗಲು ಹೊತ್ತಿನಲ್ಲಿ ಶಟರ್ ಇಳಿಸುವವರು ಇಳಿಸುವ ಮೊದಲು ಕಾರಣ ಕೂಗಿ ಹೇಳಬೇಕು. “ಊಟಕ್ಕೆ”, “ಹಲ್ಲುನೋವು”, “ಅತ್ತೆ ಬಂದಿದ್ದಾರೆ”. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಬೀದಿಯವರಿಗೆ ಪರಸ್ಪರರ ಮನೆ ವಿಷಯವೆಲ್ಲ ಗೊತ್ತಾಗಿ ಸ್ವಲ್ಪ ಕಿರಿಕಿರಿಯೂ ಆಗಿದೆ.

ಗ್ರೀಸಣ್ಣ ಈಗಲೂ ಎಲ್ಲ ಶಟರುಗಳಿಗೂ ಗ್ರೀಸ್ ಹಚ್ಚುತ್ತಾನೆ, ಕೊಡೆ ಅಕ್ಕನದೊಂದನ್ನು ಬಿಟ್ಟು. ಅದರ ಬಲಗಡೆಯ ಕಂಬಿಯನ್ನು ಬೇಕೆಂದೇ ಒಣಗಲು ಬಿಟ್ಟಿದ್ದಾನೆ. ಇಳಿಸಿದರೆ ಅದು ಬೀದಿಯ ಎರಡೂ ತುದಿಗೆ ಕೇಳುವಂತೆ ಕಿರುಚುತ್ತದೆ. ಪ್ರತಿ ಸಲವೂ ಅವನಿಗೆ ಹಲ್ಲು ಜುಮ್ಮೆನ್ನುತ್ತದೆ, ಮರ್ಯಾದೆ ಹೋದಂತಾಗುತ್ತದೆ, ಕೈ ಡಬ್ಬಿಯ ಕಡೆ ಹೋಗುತ್ತದೆ. ಆಗ ಯಾರಾದರೊಬ್ಬರು ಅಂಗಡಿಯಿಂದ ತಲೆ ಹೊರಗೆ ಹಾಕಿ, “ಯಾಕಕ್ಕಾ?” ಎಂದು ಕೇಳುತ್ತಾರೆ. ಗ್ರೀಸಣ್ಣ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಡುತ್ತಾನೆ.